ವಿಂದಾಲೂ ಹೆಸರಲ್ಲಿರುವುದು ಆಲೂಗಡ್ಡೆ ಅಲ್ಲ, ಬೆಳ್ಳುಳ್ಳಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಕಮ್ಮನಹಳ್ಳಿಯ ಹೋಟೆಲೊಂದರಲ್ಲಿ ಗೋವಾದ ಹುಳಿ-ಖಾರದ ಮಾಂಸದ ಅಡುಗೆ ವಿಂದಾಲೂ ತರಿಸಿದೆವು. ಬಟ್ಟಲಲ್ಲಿ ಮಾಂಸಕ್ಕಿಂತ ಆಲೂಗಡ್ಡೆಯೇ ಜಾಸ್ತಿ. ಕೇಳಿದರೆ, ‘ಹೆಸರಲ್ಲೇ ಆಲೂ ಇದೆ ಅಲ್ವಾ ಮೇಡಂ’ ಎಂದರು. ಇದನ್ನು ಬೇರೆ ಕಡೆಯೂ ಕೇಳಿದ್ದೇನೆ. ಸುಮ್ನಿರಲು ಮನಸ್ಸಾಗಲಿಲ್ಲ.

ಈ ಹೆಸರು ಬಂದಿದ್ದು ಪೋರ್ಚುಗೀಸರ ‘ಕಾರ್ನೆ ದೆ ವಿನ್ಯಾ ದಾಲ್ಯೋಸ್’ ಎಂಬ ಅಡುಗೆಯಿಂದ. ವೈನ್ ಅಥವಾ ವಿನೆಗರ್‌ನಲ್ಲಿ ಬೆಳ್ಳುಳ್ಳಿ ಹಾಕಿ ನೆನೆಸಿಟ್ಟ ಮಾಂಸ ಅದು. ಕೊನೆಯ ‘ಆಲ್ಯೋಸ್’ ಎಂದರೆ ಬೆಳ್ಳುಳ್ಳಿ. ಪೋರ್ಚುಗಲ್‌ನ ಮದೀರಾ ದ್ವೀಪದಲ್ಲಿ ಇವತ್ತಿಗೂ ಕ್ರಿಸ್‌ಮಸ್‌ಗೆ ಇದನ್ನು ಮಾಡುತ್ತಾರೆ.

1510ರಲ್ಲಿ ಗೋವಾ ಬಿಜಾಪುರದ ಆದಿಲ್ ಶಾಹಿಗಳ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು. ಅವರ ಜೊತೆ ಈ ಅಡುಗೆಯೂ ಬಂತು. ಗೋವಾದವರು ಅದಕ್ಕೆ ತೆಂಗಿನ ಕಳ್ಳಿನ ವಿನೆಗರ್ ಹಾಕಿದರು, ಜೀರಿಗೆ, ಚಕ್ಕೆ, ಲವಂಗ ಅರೆದು ಸೇರಿಸಿದರು. ಖಾರ ಕೊಟ್ಟ ಒಣಮೆಣಸಿನಕಾಯಿ ಕೂಡ ಹೊರಗಿನದೇ. ಅದರ ತವರು ಅಮೆರಿಕ ಖಂಡ, ಇಲ್ಲಿಗೆ ತಂದವರು ಪೋರ್ಚುಗೀಸರು. ಇದು ನಮ್ಮ ಮಾತಿನಲ್ಲೇ ಉಳಿದಿದೆ ನೋಡಿ. ಮೊದಲು ನಮಗೆ ಗೊತ್ತಿದ್ದ ಖಾರ ಮೆಣಸು. ಆಮೇಲೆ ಬಂದ ಕಾಯಿಯನ್ನು ‘ಮೆಣಸಿನಕಾಯಿ’ ಎಂದೆವು. ಕರಾವಳಿಯವರಿಗೆ ಕಾಳುಮೆಣಸು ಈಗಲೂ ‘ಒಳ್ಳೆ ಮೆಣಸು’.

ನಮ್ಮ ಕೆಳಗಿನ ಮನೆಯ ಆಂಟಿ ಗೋವಾದವರು. ಹಬ್ಬದ ಹಿಂದಿನ ದಿನವೇ ಒಂದಿಡೀ ಗಡ್ಡೆ ಬೆಳ್ಳುಳ್ಳಿ ಸುಲಿದು, ವಿನೆಗರ್‌ನಲ್ಲಿ ನೆನೆದ ಮೆಣಸಿನಕಾಯಿ ಜೊತೆ ನುಣ್ಣಗೆ ರುಬ್ಬುತ್ತಾರೆ. ಹನಿ ನೀರು ಹಾಕುವುದಿಲ್ಲ. ಮಾಂಸಕ್ಕೆ ಅದನ್ನು ಸವರಿ ರಾತ್ರಿಯೆಲ್ಲ ಬಿಡುತ್ತಾರೆ. ಆ ಹುಳಿವಾಸನೆ ಮೆಟ್ಟಿಲವರೆಗೂ ಬರುತ್ತದೆ. ಹೋಟೆಲಿನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ನಮ್ಮ ಕೊಂಕಣಿಯಲ್ಲಿ ಆಲೂಗಡ್ಡೆಗೆ ಬಟಾಟ ಅಂತೀವಿ ಮಗಾ, ಆಲೂ ಎಲ್ಲಿಂದ ಬರಬೇಕು?’

ಎಷ್ಟು ಸರಿ! ಮಂಗಳೂರು ಕಡೆಯೂ ಅದು ಬಟಾಟೆ. ಆ ಪದವೂ ಪೋರ್ಚುಗೀಸರಿಂದಲೇ ಬಂದಿದ್ದು. ಗೋವಾದ ಅಡುಗೆಗೆ ಹಿಂದಿಯ ಆಲೂ ಸೇರಿಸಿ ಅರ್ಥ ಮಾಡಿದರೆ, ಅದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರ ಮಾತನ್ನೇ ಅಳಿಸಿದಂತೆ ಆಗುತ್ತದೆ. ನನಗೆ ಬೇಸರವಾಗಿದ್ದು ಅದಕ್ಕೆ.

ಆಲೂಗಡ್ಡೆ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಇಷ್ಟಪಡುವವರು ತಿನ್ನಲಿ. ಆದರೆ ಹಾಕಿದ್ದರೆ ಮೆನುವಿನಲ್ಲಿ ಹಾಗೆಂದು ಬರೆಯಲಿ. ಗಿರಾಕಿ ಕೇಳಿದಾಗ ಹೆಸರಿನ ಸರಿಯಾದ ಅರ್ಥ ಹೇಳಲಿ. ಬೆಳ್ಳುಳ್ಳಿ, ವಿನೆಗರ್ ಮಾತ್ರ ದಯವಿಟ್ಟು ಕಡಿಮೆ ಮಾಡಬೇಡಿ.

– ಓದುಗಿ, ಲಿಂಗರಾಜಪುರ, ಬೆಂಗಳೂರು