ಗಾಂಜಾ ಹಿಡಿದ ಸುದ್ದಿ ಸರಿ, 64ಎ ಕಲಂ ಸುದ್ದಿ ಎಲ್ಲಿ?

ಮಾನ್ಯ ಸಂಪಾದಕರೇ,

ಕೊಡಗಿನ ಕುಟ್ಟ, ಮಾಕುಟ್ಟ ಗಡಿಯಲ್ಲಿ ಗಾಂಜಾ, ಎಂಡಿಎಂಎ ಎಂಬ ರಾಸಾಯನಿಕ ಮಾದಕ ಸಿಕ್ಕರೆ ಪ್ಯಾಕೆಟ್‌ಗಳ ಫೋಟೊ ಸಮೇತ ಸುದ್ದಿಯಾಗುತ್ತದೆ. ಆಗಲಿ. ಆದರೆ ಆ ಕೇಸು ಹಾಕುವ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲೇ ಇರುವ, ವ್ಯಸನಿಗೆ ಚಿಕಿತ್ಸೆಯ ದಾರಿ ಕೊಡುವ 64ಎ ಕಲಂ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಮಗ ಚಟಕ್ಕೆ ಬಿದ್ದಿದ್ದಾನೆಂದು ತಿಳಿದ ಮನೆಯವರಿಗೆ ಮೊದಲು ಬೇಕಾದ್ದು ಅದು.

ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಆಗಿನ ಬಿಗಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ನೋವು ತಗ್ಗಿಸುವ ಮಾರ್ಫಿನ್ ಸಿಗದಂತಾಯಿತು. ಅದನ್ನು ಸರಿಪಡಿಸುವ ತಿದ್ದುಪಡಿ ಬರಲು 2014 ಆಗಬೇಕಾಯಿತು. ಮಾಲಿನ ತೂಕ ನೋಡಿ ಶಿಕ್ಷೆ ಹೆಚ್ಚು ಕಡಿಮೆ ಮಾಡುವ ಪದ್ಧತಿ 2001ರದ್ದು. ಗಾಂಜಾ 1 ಕೆಜಿ, ಹೆರಾಯಿನ್ 5 ಗ್ರಾಂವರೆಗೆ ಅಲ್ಪ ಪ್ರಮಾಣ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 64ಎ ಪ್ರಕಾರ ಮೊಕದ್ದಮೆಯಿಂದ ಪಾರಾಗಬಹುದು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಬೋರ್ಡು ತಗುಲಿಸಿದ ಕೇಂದ್ರಕ್ಕೆಲ್ಲ ಮಾನ್ಯತೆ ಇರುವುದಿಲ್ಲ, ಹಣ ಕಟ್ಟುವ ಮುಂಚೆ ಕೇಳಬೇಕು. ದಾಖಲಾತಿ ಚೀಟಿ, ಡಿಸ್‌ಚಾರ್ಜ್ ಕಾಗದ ಜೋಪಾನ.

ಮಾಲು ತಡೆದರೆ ಸಾಲದು ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 1996ರಲ್ಲಿ ಬಂದ, ಚಟ ಹತ್ತಿಸುವ ನೋವಿನ ಮಾತ್ರೆ ಆಕ್ಸಿಕಾಂಟಿನ್ ಅನ್ನು ಪುಡಿ ಮಾಡಲಾಗದಂತೆ 2010ರಲ್ಲಿ ಬದಲಿಸಿದರು. ಚಟ ಹತ್ತಿದವರಲ್ಲಿ ಬಹಳ ಮಂದಿ ಹೆರಾಯಿನ್ ಕಡೆ ತಿರುಗಿದರು. ಆಮೇಲೆ ಅದರಲ್ಲಿ ಇನ್ನೂ ತೀಕ್ಷ್ಣವಾದ ಫೆಂಟನಿಲ್ ಬೆರೆಯಿತು. 2021ರಲ್ಲಿ ಅಲ್ಲಿ ಓವರ್‌ಡೋಸ್‌ನಿಂದ ಸತ್ತವರು 1 ಲಕ್ಷಕ್ಕೂ ಹೆಚ್ಚು.

ಹೆರಾಯಿನ್, ನೋವಿನ ಮಾತ್ರೆ ಟ್ರಮಡಾಲ್‌ನಂಥ ಅಫೀಮು ಜಾತಿಯವು ಕೊಲ್ಲುವುದು ಉಸಿರು ನಿಲ್ಲಿಸಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ನೀಲಿಗಟ್ಟುತ್ತದೆ, ಗಂಟಲಲ್ಲಿ ಗೊರಗೊರ ಸದ್ದು. ‘ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ, ಮಲಗಲಿ ಬಿಡು’ ಎನ್ನುವುದು ಇದನ್ನು ನೋಡಿಯೇ. ಇನ್ನು ಕೆಲವರು ಹುಣಸೆಹುಳಿ ನೀರನ್ನೋ ಮಜ್ಜಿಗೆಯನ್ನೋ ಬಾಯಿಗೆ ಹುಯ್ಯುತ್ತಾರೆ. ಎಚ್ಚರವಿಲ್ಲದವನಿಗೆ ಅದು ಇಳಿಯುವುದು ಶ್ವಾಸಕೋಶಕ್ಕೆ. ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, 5 ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಾಡಿಯೂ ಸಿಗದಿದ್ದರೆ ಎದೆ ಒತ್ತಬೇಕು. ಉಸಿರು ಮರಳಿದ ಮೇಲೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿಯಾದರೆ ಉಸಿರುಗಟ್ಟದು.

ಇದಕ್ಕೆ ಮದ್ದು ನಲಾಕ್ಸೋನ್. 0.4 ಮಿಲಿಗ್ರಾಂ ಆಂಪುಲ್, ಸ್ನಾಯುವಿಗೆ ಚುಚ್ಚಿದರೆ ಐದು ನಿಮಿಷದೊಳಗೆ ಕೆಲಸ ಶುರು, ಏಳದಿದ್ದರೆ ಇನ್ನೊಂದು. ಎಡವಟ್ಟಾಗುವುದು ಆಮೇಲೆ. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ, ಒಳಗಿನ ಮಾದಕ ವಸ್ತು ಅದಕ್ಕಿಂತ ಹೊತ್ತು ಉಳಿದೀತು. ಎದ್ದು ಕೂತ ಎಂದು ಮನೆಗೆ ಕರೆದೊಯ್ದರೆ ಮತ್ತೆ ಉಸಿರು ನಿಲ್ಲಬಹುದು. ಮದ್ಯ, ನಿದ್ರೆ ಮಾತ್ರೆಗೆ ಇದು ನಾಟದು, ಎಂಡಿಎಂಎಗೂ ಅಷ್ಟೆ.

ಹೆಚ್ಚು ಅಪಾಯ ಹೊಸಬರಿಗೆ ಎಂದುಕೊಳ್ಳುತ್ತೇವೆ. ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಬಂದವನ ಮೊದಲ ವಾರಗಳೂ ಅಷ್ಟೇ ಕೆಟ್ಟವು. ಬಿಟ್ಟಿದ್ದ ದಿನಗಳಲ್ಲಿ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ; ಹಳೆಯ ಡೋಸೇ ಅವನನ್ನು ಕೊಲ್ಲುತ್ತದೆ. ಕಳಿಸಿಕೊಡುವ ದಿನ ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು.

ಮಳೆಗಾಲದ ರಾತ್ರಿ, ಮರ ಬಿದ್ದ ತೋಟದ ರಸ್ತೆಯಲ್ಲಿ ಕಾರ್ಮಿಕರ ಲೈನ್ ಮನೆಗೆ ಆಂಬುಲೆನ್ಸ್ ತಲುಪುವುದು ಯಾವಾಗಲೋ. ಆದ್ದರಿಂದ ಮಡಿಕೇರಿಯ ಆಸ್ಪತ್ರೆಯಲ್ಲಷ್ಟೇ ಅಲ್ಲ, ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನಲಾಕ್ಸೋನ್ ಇರಲಿ, ರಾತ್ರಿ ಪಾಳಿಯ ನರ್ಸ್‌ಗೆ ಚುಚ್ಚಲು ಬರಲಿ, ಆಂಪುಲ್‌ನ ಅವಧಿ ಮುಗಿಯುವ ದಿನಾಂಕವನ್ನು ತಿಂಗಳಿಗೊಮ್ಮೆ ನೋಡಲಿ. ತಾವೂ ಮುಂದಿನ ದಾಳಿಯ ಸುದ್ದಿಯ ಕೆಳಗೆ ವ್ಯಸನಮುಕ್ತಿ ಸಹಾಯವಾಣಿ 14446 ಅಚ್ಚು ಹಾಕಬೇಕೆಂದು ಕೋರಿಕೆ.

— ಒಬ್ಬ ಫಾರ್ಮಸಿಸ್ಟ್, ಗೋಣಿಕೊಪ್ಪಲು