ಬಾತುಗಳ ಮನೆಯ ಕುರಿತು ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ, ನೀವೆಲ್ಲರೂ ಕ್ಷೇಮವೆಂದು ನಿನ್ನ ಕಾಗದದಿಂದ ತಿಳಿದು ಸಂತೋಷವಾಯಿತು.

ಹಿತ್ತಲಿನಲ್ಲಿ ನಾಲ್ಕು ಬಾತುಗಳನ್ನು ಸಾಕಬೇಕೆಂದು ಮೊಮ್ಮಗಳು ಹಟ ಹಿಡಿದಿದ್ದಾಳೆಂದೂ, ಮನೆಯ ಹಿಂದಿರುವ ಹಳೆಯ ಕೋಳಿಗೂಡಿನಲ್ಲಿಯೇ ಅವುಗಳನ್ನು ಕೂಡಿಹಾಕಿದರೆ ಸಾಲದೇ ಎಂದೂ ಬರೆದಿದ್ದೀಯೆ. ಬಾತುಗಳನ್ನು ತರುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಕೋಳಿಗೂಡಿಗೆ ಮಾತ್ರ ಇಲ್ಲ. ಕತ್ತಲಾಗುತ್ತಿದ್ದಂತೆ ಕೋಳಿ ತಾನಾಗಿಯೇ ಎತ್ತರದ ಕೋಲನ್ನು ಹುಡುಕಿಕೊಂಡು ಏರಿ ಕೂರುತ್ತದೆ. ಬಾತು ಮಲಗುವುದು ನೆಲದ ಮೇಲೆ, ಅದೂ ಹೆಚ್ಚಾಗಿ ಗೋಡೆಗೆ ಒತ್ತಿಕೊಂಡು. ಖಾಕಿ ಕ್ಯಾಂಪ್‌ಬೆಲ್‌ನಂಥ ಸಾಕುತಳಿಗಳಿಗೆ ಹಾರಿ ತಪ್ಪಿಸಿಕೊಳ್ಳುವಷ್ಟು ರೆಕ್ಕೆಯ ಬಲವಿಲ್ಲ, ತಿರುಗಿಬಿದ್ದು ಕುಕ್ಕುವುದಕ್ಕೆ ಚೂಪಾದ ಕೊಕ್ಕೂ ಇಲ್ಲ. ಹಾಗಾಗಿ ಅವುಗಳ ಪ್ರಾಣದ ಹೊಣೆಯೆಲ್ಲ ನಾವು ಕಟ್ಟುವ ಗೋಡೆ, ನೆಲ, ಮಾಡು ಮತ್ತು ಬಾಗಿಲಿನ ಮೇಲೆಯೇ ಬೀಳುತ್ತದೆ. ಇದನ್ನು ನೀನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಾನು ಬರೆಯುವುದು ಯಾವುದೂ ಅತಿಯೆಂದು ಅನ್ನಿಸಲಾರದು.

ನಿಮ್ಮ ಮನೆ ಮಲೆನಾಡಿನ ಸಾಗರ ಪೇಟೆಯಿಂದ ದೂರ, ಅಡಿಕೆ ತೋಟದ ಅಂಚಿನಲ್ಲಿದೆ. ತೋಟ ಮುಗಿದಲ್ಲಿಂದ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಆರಂಭವಾಗುತ್ತದೆ. ಅಲ್ಲಿಂದ ಇಳಿದು ಬರುವ ಪ್ರಾಣಿಗಳಿಗೆ ಒಂದೊಂದಕ್ಕೂ ಅದರದೇ ಹೊತ್ತು, ಅದರದೇ ದಾರಿ ಇರುತ್ತದೆ. ಮುಂಗುಸಿ ಹಗಲಿನಲ್ಲಿ ಬರುತ್ತದೆ, ನೆಲ ಕೆರೆಯುತ್ತದೆ, ನಂಬಲಾಗದಷ್ಟು ಸಣ್ಣ ಸಂದಿಯಲ್ಲಿ ನುಸುಳುತ್ತದೆ. ಕಾಡುಬೆಕ್ಕಿನದು ಮುಸ್ಸಂಜೆ ಮತ್ತು ನಸುಕಿನ ಹೊತ್ತು. ಪುನುಗಿನ ಜಾತಿಯ ಕಬ್ಬೆಕ್ಕು ರಾತ್ರಿಯಲ್ಲಿ ಮರದಿಂದ ಮಾಡಿಗೆ ಇಳಿಯುತ್ತದೆ. ಕೇರೆ ಹಾವು ಮೊಟ್ಟೆಗೂ ಮರಿಗೂ ಹೊಂಚುಹಾಕಿದರೆ, ಹೆಬ್ಬಾವಿಗೆ ಬೆಳೆದ ಬಾತೂ ದೊಡ್ಡದಲ್ಲ. ಇವೆಲ್ಲವನ್ನೂ ಮೀರಿ, ಊರಿನ ಬೀದಿನಾಯಿಗಳು ಗುಂಪಾಗಿ ಬಂದು ಬರೀ ಬಲದಿಂದಲೇ ಬಾಗಿಲನ್ನು ಕಿತ್ತು ಹಾಕಬಲ್ಲವು.

ಮೊದಲು ಬಲೆಯ ವಿಚಾರ. ಅಂಗಡಿಯಲ್ಲಿ ಕೋಳಿಬಲೆಯೆಂದು ಮಾರುವ ಆರು ಮೂಲೆಯ ಕಣ್ಣಿನ ತೆಳುತಂತಿಯ ಬಲೆಯನ್ನು ಕೊಳ್ಳಲೇಬೇಡ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಹೊರಗಿನ ಪ್ರಾಣಿ ಒಳಗೆ ಬಾರದಂತೆ ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ, ನಮ್ಮ ಮಳೆಗೆ ಅದು ಬೇಗನೆ ತುಕ್ಕು ಹಿಡಿಯುತ್ತದೆ. ಅರ್ಧ ಇಂಚು ಕಣ್ಣಿನ, ಸತುವಿನ ಲೇಪ ಕೊಟ್ಟ ಜಿ.ಐ. ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಬಲೆ, ಕೇಳಿ ತೆಗೆದುಕೊ. ಕಣ್ಣು ದೊಡ್ಡದಾದರೆ ಏನಾಗುತ್ತದೆಂಬುದನ್ನು ನಮ್ಮ ನೆರೆಮನೆಯಲ್ಲಿ ನಾನೇ ಕಂಡಿದ್ದೇನೆ. ಅವರ ಗೂಡಿಗೆ ಎರಡು ಇಂಚು ಕಣ್ಣಿನ ಬಲೆ ನೆಲದವರೆಗೂ ಇತ್ತು. ಬೆಳಿಗ್ಗೆ ನೋಡಿದರೆ ಬಾಗಿಲು ಹಾಕಿದಂತೆಯೇ ಇದೆ, ಬಲೆ ಎಲ್ಲಿಯೂ ಹರಿದಿಲ್ಲ; ಆದರೆ ಬಲೆಗೆ ಒರಗಿ ಮಲಗಿದ್ದ ಬಾತಿನ ತಲೆಯಿಲ್ಲ, ತಂತಿಗೆ ಕತ್ತಿನ ಬಿಳಿಯ ಪುಕ್ಕಗಳು ಅಂಟಿಕೊಂಡಿವೆ. ಬಂದ ಪ್ರಾಣಿ ಒಳಗೆ ಕಾಲಿಡಲೇ ಇಲ್ಲ, ಹೊರಗಿನಿಂದಲೇ ಪಂಜ ಚಾಚಿ ಎಳೆದುಕೊಂಡಿತ್ತು. ಆದ್ದರಿಂದ ನೆಲದಿಂದ ಎರಡೂವರೆ ಅಡಿಯವರೆಗೆ ಜಂಬಿಟ್ಟಿಗೆಯ ಗಟ್ಟಿ ಗೋಡೆಯನ್ನೇ ಕಟ್ಟಿಸು. ಬಲೆ ಏನಿದ್ದರೂ ಅದರ ಮೇಲೆ, ಮಲಗಿದ ಬಾತಿನ ತಲೆಗಿಂತ ಬಹಳ ಎತ್ತರದಲ್ಲಿರಲಿ. ಬಲೆಯನ್ನು ಬಡಗಿಗಳು ಸಾಮಾನ್ಯವಾಗಿ ಸಣ್ಣ ಮೊಳೆ ಹೊಡೆದು ನಿಲ್ಲಿಸಿ ಹೋಗುತ್ತಾರೆ, ಮಳೆಗಾಲ ಕಳೆಯುವಷ್ಟರಲ್ಲಿ ಅವು ಸಡಿಲವಾಗುತ್ತವೆ. ಬಲೆಯ ಅಂಚಿನ ಮೇಲೆ ಮರದ ಪಟ್ಟಿಯಿಟ್ಟು, ಆ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಸುವಂತೆ ನಿಂತು ಹೇಳು.

ನೆಲದಡಿಯಿಂದ ಬರುವವುಗಳಿಗೆ ಎರಡು ತಡೆ ಬೇಕು. ಒಳನೆಲಕ್ಕೆ ಮೂರು ಇಂಚು ಕಾಂಕ್ರೀಟ್ ಹಾಕಿಸಿ, ತೊಳೆದ ನೀರು ಬಾಗಿಲ ಕಡೆಗೆ ಹರಿದು ಹೋಗುವಂತೆ ಸ್ವಲ್ಪ ವಾಟ ಕೊಡಿಸು. ಹೆಗ್ಗಣ ಬಿಲ ತೋಡಿದರೆ ಆ ಬಿಲವೇ ಹಾವಿಗೆ ದಾರಿಯಾಗುತ್ತದೆ. ಗೋಡೆಯ ಹೊರಗೆ ಸುತ್ತಲೂ ಅದೇ ವೆಲ್ಡ್ ಮೆಶ್ಶನ್ನು ಎರಡು ಅಡಿ ಅಗಲಕ್ಕೆ ನೆಲದಲ್ಲಿ ಮಲಗಿಸಿ, ಒಂದು ಅಂಚನ್ನು ಗೋಡೆಯ ಬುಡಕ್ಕೆ ಬಿಗಿದು, ಮೇಲೆ ಮಣ್ಣು ಮುಚ್ಚಿಸು. ಅಗೆಯುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಅಲ್ಲಿಯೇ ಕೆರೆಯಲು ತೊಡಗುತ್ತದೆ, ತಂತಿ ಉಗುರಿಗೆ ತಾಗಿದಾಗ ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲಿಯೇ ಕೆರೆಯುತ್ತದೆ. ಎರಡು ಅಡಿ ಹಿಂದೆ ಸರಿದು ಅಗೆಯುವುದು ಅದಕ್ಕೆ ಹೊಳೆಯುವುದಿಲ್ಲ.

ಮಾಡಿಗೆ ಮಂಗಳೂರು ಹಂಚು ಹೊದಿಸುವೆನೆಂದು ಬರೆದಿದ್ದೀಯೆ. ಹಂಚು ತಂಪಾಗಿರುತ್ತದೆ, ತಗಡಿನಂತೆ ಮಳೆಯ ಸದ್ದಿಗೆ ಬಾತುಗಳು ಬೆದರುವುದೂ ಇಲ್ಲ. ಬಹಳ ಒಳ್ಳೆಯ ಯೋಚನೆ. ಆದರೆ ಕಬ್ಬೆಕ್ಕಿಗೆ ಹಂಚನ್ನು ಸರಿಸುವುದು ಕಷ್ಟವೇ ಅಲ್ಲ. ನಮ್ಮ ಅಟ್ಟದ ಮೇಲೆ ಮಾಗಿದ ಬಾಳೆಗೊನೆಯನ್ನು ತೂಗುಹಾಕಿದಾಗಲೆಲ್ಲ ಅದು ಮೂತಿಯಿಂದ ಹಂಚಿನ ಕೆಳಅಂಚನ್ನು ಎತ್ತಿ, ಭುಜ ತೂರಿಸಿ, ಮೈಯನ್ನು ಚಪ್ಪಟೆ ಮಾಡಿಕೊಂಡು ಇಳಿದು ಬರುತ್ತಿದ್ದುದು ನಿನಗೂ ನೆನಪಿರಬಹುದು. ಆದ್ದರಿಂದ ಹಂಚು ಹೊದಿಸುವ ಮೊದಲು ಪಕಾಸಿಯ (ಮಾಡಿನ ಇಳಿಜಾರು ಮರಗಳ) ಮೇಲೆ ವೆಲ್ಡ್ ಮೆಶ್ಶನ್ನು ಹಾಸಿ ಬಿಗಿಸಲೇಬೇಕು. ಗೂಡಿನ ಮೇಲೆ ಚಾಚಿದ ಹಲಸಿನ ಕೊಂಬೆಯನ್ನೂ ಕಡಿಸು.

ರಕ್ಷಣೆಯ ಹೆಸರಿನಲ್ಲಿ ಗಾಳಿಯನ್ನು ಮಾತ್ರ ಮುಚ್ಚಬೇಡ. ಬಾತುಗಳ ಉಸಿರಿನಿಂದಲೂ ನೀರಾದ ಹಿಕ್ಕೆಯಿಂದಲೂ ಗೂಡಿನೊಳಗೆ ಬಹಳ ತೇವ ಸೇರುತ್ತದೆ, ಗಾಳಿಯಾಡದಿದ್ದರೆ ಅಮೋನಿಯಾದ ಘಾಟು ಕಣ್ಣಿಗೂ ಶ್ವಾಸಕ್ಕೂ ತಗಲುತ್ತದೆ. ಸೂರಿನ ಕೆಳಗೆ ಎದುರುಬದುರಾಗಿ ಎರಡು ಗೋಡೆಗಳ ಉದ್ದಕ್ಕೂ ಒಂದಡಿ ಎತ್ತರದ ತೆರಪು ಬಿಟ್ಟು ಅದಕ್ಕೆ ಬಲೆ ಹಾಕಿಸು. ನಮ್ಮ ಮಳೆ ಬೀಸುವುದು ಪಡುವಣ ದಿಕ್ಕಿನಿಂದಾದ್ದರಿಂದ ಬಾಗಿಲು ಪೂರ್ವಕ್ಕಿರಲಿ, ಸೂರು ಎರಡು ಅಡಿ ಹೊರಚಾಚಿರಲಿ. ನಾಲ್ಕು ಬಾತುಗಳಿಗೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ನೆಲ ಧಾರಾಳವಾಯಿತು. ಎತ್ತರವನ್ನು ಮಾತ್ರ ಐದು ಅಡಿಗಿಂತ ಕಡಿಮೆ ಮಾಡಬೇಡ, ಏಕೆಂದರೆ ಬಗ್ಗಿ ಗುಡಿಸಲಾಗದ ಗೂಡನ್ನು ಯಾರೂ ದಿನವೂ ಗುಡಿಸುವುದಿಲ್ಲ. ಹಾಸಲು ಒಣಗಿದ ಎಲೆಯ ದರಗಾಗಲಿ ಭತ್ತದ ಹುಲ್ಲಾಗಲಿ ಆದೀತು, ಬೂಷ್ಟು ಹಿಡಿದದ್ದು ಬೇಡ. ಬರಿಯ ಕಾಂಕ್ರೀಟಿನ ಮೇಲೆ ಅವುಗಳನ್ನು ಮಲಗಿಸಬೇಡ. ಬಾತಿನ ಅಂಗಾಲು ಮೃದು, ಉಜ್ಜಿ ಗಾಯವಾಗಿ ಬಾವು ಬರುತ್ತದೆ.

ಬಾಗಿಲು ಹೊರಗೆ ತೆರೆಯುವಂತಿರಲಿ, ಎರಡು ಬಾತುಗಳು ಒಟ್ಟಿಗೆ ನುಗ್ಗುವಷ್ಟು ಅಗಲವಿರಲಿ. ಬಾಗಿಲಲ್ಲಿ ಅವು ಸರದಿಗೆ ಕಾಯದೆ ಒಟ್ಟಿಗೆ ನುಗ್ಗುವುದುಂಟು, ಇಕ್ಕಟ್ಟಾದರೆ ಹೊಸ್ತಿಲಲ್ಲೇ ಗಲಿಬಿಲಿಗೊಂಡು ಹಿಂತಿರುಗುತ್ತವೆ. ಮೆಟ್ಟಿಲ ಬದಲು ಅಡ್ಡಪಟ್ಟಿ ಹೊಡೆದ ಇಳಿಜಾರು ಹಲಗೆಯನ್ನಿಡಿಸು. ಮೇಲೊಂದು ಕೆಳಗೊಂದು ಚಿಲಕ ಹಾಕಿಸು. ಒಂದೇ ಚಿಲಕವಿದ್ದರೆ ಇನ್ನೊಂದು ಮೂಲೆಯನ್ನು ತಳ್ಳಿದಾಗ ಹಲಗೆ ಬಾಗಿ ಸಂದಿಯಾಗುತ್ತದೆ, ಮುಂಗುಸಿಗೆ ಅಷ್ಟೇ ಸಾಕು.

ಎಷ್ಟು ಚೆನ್ನಾಗಿ ಕಟ್ಟಿದರೂ ಬಾತುಗಳು ಕೋಳಿಗಳಂತೆ ತಾವಾಗಿಯೇ ಗೂಡು ಸೇರುವುದಿಲ್ಲ; ಕತ್ತಲಾದ ಮೇಲೂ ನೀರಿನಲ್ಲೇ ಉಳಿಯಬಯಸುತ್ತವೆ. ಕೊಯ್ಲಾದ ಗದ್ದೆಗಳಲ್ಲಿ ಬಾತುಗಳ ಹಿಂಡನ್ನು ಮೇಯಿಸುವವರನ್ನು ನೀನು ನೋಡಿರಬಹುದು: ಹೊಡೆಯುವುದಿಲ್ಲ, ಅಟ್ಟುವುದಿಲ್ಲ, ಉದ್ದನೆಯ ಕೋಲನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಹಿಂದೆ ನಡೆಯುತ್ತಾರೆ. ಮೊಮ್ಮಗಳಿಗೆ ಅದನ್ನೇ ಕಲಿಸು. ಸೂರ್ಯ ಮುಳುಗುವ ಮೊದಲೇ, ದಿನವೂ ಅದೇ ಹೊತ್ತಿಗೆ, ಒಂದು ಹಿಡಿ ಭತ್ತದ ಆಸೆ ತೋರಿಸಿ ಕರೆದರೆ ಅವು ಬೇಗನೆ ರೂಢಿಗೆ ಬರುತ್ತವೆ. ರಾತ್ರಿ ಗೂಡಿನಲ್ಲಿ ಕಾಳು ಉಳಿಸಬೇಡ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಿಟ್ಟರೆ ಸಾಕು. ಬಾತುಗಳು ಹೆಚ್ಚಾಗಿ ಅಷ್ಟರೊಳಗೆ ಮೊಟ್ಟೆಯಿಟ್ಟಿರುತ್ತವೆ, ಕಾಡುಬೆಕ್ಕಿನ ಹೊತ್ತೂ ಕಳೆದಿರುತ್ತದೆ. ಹಗಲಿನಲ್ಲಿ ಬಾತುಗಳು ಈಜುವ ತೊಟ್ಟಿಯ ಸುತ್ತ ಐದು ಅಡಿಯ ಬೇಲಿಯೂ, ಕಣ್ಣಳತೆಯಲ್ಲಿ ಒಬ್ಬ ಮನುಷ್ಯನೂ ಇರಲಿ. ಮುಂದೆ ಮರಿಗಳಾದರೆ ಅವುಗಳಿಗೆ ತಲೆಯ ಮೇಲೂ ಬಲೆ ಬೇಕು, ಕಾಗೆ ಮತ್ತು ಹದ್ದು ಕ್ಷಣದಲ್ಲಿ ಎತ್ತಿಕೊಂಡು ಹೋಗುತ್ತವೆ.

ಇನ್ನೊಂದು ಮಾತನ್ನು ಅಳಿಯಂದಿರಿಗೂ ತಿಳಿಸು. ಒಂದು ಬಾತು ಹೋಯಿತೆಂದು ಉರುಳು ಹಾಕುವುದು, ವಿಷವಿಡುವುದು, ಬೇಲಿಗೆ ಕರೆಂಟು ಹಾಯಿಸುವುದು, ಯಾವುದನ್ನೂ ಮಾಡಕೂಡದು, ಕೆಲಸದವರಿಗೂ ಮಾಡಗೊಡಬಾರದು. ಮುಂಗುಸಿ, ಹೆಬ್ಬಾವು, ಕಾಡುಬೆಕ್ಕು ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಆ ಬೆಟ್ಟದಲ್ಲಿ ಅವು ನಮಗಿಂತ ಹಿಂದಿನಿಂದ ಇರುವಂಥವು, ಹಸಿವಿಗೆ ಬರುತ್ತವೆ. ಅವಕ್ಕೆ ಒಳಗೆ ಬರಲು ಸಂದಿಯಿಲ್ಲದಂತೆ ಕಟ್ಟುವುದು ನಮ್ಮ ಕೆಲಸ. ಬಾಗಿಲೊಳಗೆ ಹೆಬ್ಬಾವೇನಾದರೂ ಕಂಡರೆ ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸು.

ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು, ಹಸಿ ಗೋಡೆಯ ಗೂಡಿಗೆ ಬಾತುಗಳನ್ನು ತರಬಾರದು. ಗೂಡು ಕಟ್ಟುವ ಜಾಗದ ಅಳತೆಯನ್ನೂ, ಬಾವಿಕಟ್ಟೆಯಿಂದ ಅದು ಎಷ್ಟು ದೂರವೆಂಬುದನ್ನೂ ಬರೆದು ಕಳಿಸು. ಬಲೆ ಎಷ್ಟು ಬೇಕೆಂದು ಲೆಕ್ಕ ಹಾಕಿ ಇಲ್ಲಿಂದಲೇ ಕೊಂಡು ಬಸ್ಸಿಗೆ ಹಾಕಿಸುತ್ತೇನೆ. ಬಾಗಿಲು ಕೂರಿಸುವ ದಿನ ನಾನೂ ನಿನ್ನ ಅಮ್ಮನೂ ಬರುತ್ತೇವೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ