ಸಿಳ್ಳೆ ಹೊಡೆದಿದ್ದು ನಾನಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರ ನಿಮ್ಮ ಪೇಪರ್‌ನಲ್ಲಿ ಕಾರವಾನ್ ಟೂರಿನ ಬಗ್ಗೆ, ಅದೇ ಗಾಡಿಲೇ ಮಲಗಿ ಎದ್ದು ಊರು ಸುತ್ತೋದ್ರ ಬಗ್ಗೆ, ಬಂದಿತ್ತಲ್ಲ, ಗಂಡ ಹೆಂಡ್ತಿ ಮಡಿಚೋ ಕುರ್ಚಿ ಹಾಕ್ಕೊಂಡು ಕಾಫಿ ಕುಡಿತಾ ಕೂತಿರೋದು, ಕಾಲ ಹತ್ರ ನಾಯಿ ಗೊಂಬೆ ಥರ ಮಲ್ಗಿರೋದು, ಆ ಫೋಟೋ ನೋಡಿ ನನ್ನ ಹೆಂಡ್ತಿ ಬಿದ್ದು ಬಿದ್ದು ನಕ್ಕಳು. ಯಾಕಂದ್ರೆ ಹೋದ ಜೂನ್‌ನಲ್ಲಿ ನಾವೂ ಹೋಗಿ ಬಂದ್ವಿ. ನಾನು, ಅವಳು, ಮಗಳು, ನಮ್ಮಮ್ಮ, ಮತ್ತೆ ಬೋಂಡ. ಬೋಂಡ ಅಂದ್ರೆ ನಮ್ಮ ನಾಯಿ, ಬೀದಿಲಿ ಸಿಕ್ಕಿದ್ದು, ಜಾತಿ ಗೀತಿ ಏನಿಲ್ಲ.

ಮೊದಲು ಬಂಡೀಪುರದ ಕಡೆ ಅಂತಿದ್ದೆ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರೋಡಲ್ಲಿ ಗಾಡಿ ಬಿಡಲ್ಲ, ಸಫಾರಿಗೆ ನಾಯಿನೂ ಸೇರಿಸಲ್ಲ. ಬೋಂಡ ಬರ್ದಿದ್ರೆ ನಾನೂ ಬರಲ್ಲ ಅಂತ ಮಗಳು ಮುಖ ಊದಿಸ್ಕೊಂಡ್ಲು, ಸರಿ ಅಂತ ಶೃಂಗೇರಿ ಮೇಲೆ ಆಗುಂಬೆ ಕಡೆ ಹೊರಟ್ವಿ. ಗಾಡಿ ಅಂದ್ರೆ ಟೆಂಪೋ ಟ್ರಾವೆಲರ್ರೇ, ಒಳಗೆ ಮಂಚ, ಗ್ಯಾಸ್ ಸ್ಟವ್, ಬೀರು ಸೈಜಿನ ಒಂದು ಟಾಯ್ಲೆಟ್ಟು. ಅಮ್ಮ ಹತ್ತುವಾಗ್ಲೇ ಶುರು ಮಾಡಿದ್ರು, "ಮನೆ ಸಾಲನೇ ತೀರಿಲ್ಲ, ವ್ಯಾನಲ್ಲಿ ಮಲ್ಗೋಕೆ ಬೇರೆ ದುಡ್ಡು ಕೊಡ್ತೀಯಾ" ಅಂತ.

ಆಗುಂಬೆ ಹತ್ರ ಒಬ್ಬರ ಅಡಿಕೆ ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ವಿ, ಕರೆಂಟಿಗೆ ನೀರಿಗೆ ಇಷ್ಟು ಅಂತ ಮಾತಾಡ್ಕೊಂಡು. ಇಲ್ಲಿ ಕಾಳಿಂಗ ಸರ್ಪದ ಮೇಲೆ ಸಂಶೋಧನೆ ಮಾಡೋಕೆ ಅಂತ 2005ರಲ್ಲೇ ಒಂದು ಕೇಂದ್ರ ಆಗಿದೆ ಅಂತ ನಾನು ಬಾಯಿ ತಪ್ಪಿ ಹೇಳ್ಬಿಟ್ಟೆ, ಅಷ್ಟೇ, ಅಮ್ಮ ಆಮೇಲೆ ಕೆಳಗೆ ಕಾಲೇ ಇಡ್ಲಿಲ್ಲ. ಬೋಂಡ ತೋಟ ಎಲ್ಲ ಸುತ್ತಿ ಬಂದು ಮುಂಗಾಲು ಒದರ್ತಾ ನಿಂತ. ನೋಡಿದ್ರೆ ಬೆರಳ ಸಂದಿಲಿ ಇಂಬಳ, ಅದೇ ರಕ್ತ ಹೀರೋ ಜಿಗಣೆ, ಒಂದಲ್ಲ ಏಳು. ನಾನು ಕೀಳೋಕೆ ಹೋದ್ರೆ ಅದು ರಬ್ಬರ್ ಬ್ಯಾಂಡ್ ಥರ ಉದ್ದ ಆಗುತ್ತೆ ಹೊರತು ಬರಲ್ಲ. ತೋಟದ ಮನೆಯವರು ಬಂದು "ಎಂತ ಮಾರಾಯ್ರೆ, ಹಾಗೆ ಎಳೀಬೇಡಿ, ಉಪ್ಪು ಹಾಕಿ" ಅಂದ್ರು. ಎಂಟನೇದು ಎಲ್ಲಿತ್ತು ಅಂತೀರಾ, ಗಾಡಿಯಿಂದ ಇಳಿಯದೇ ಇದ್ದ ನಮ್ಮಮ್ಮನ ಹಿಮ್ಮಡಿಲಿ!

ಇನ್ನು ಅಸಲು ಕಥೆ. ಮೈಸೂರಲ್ಲಿ ನಾನು ದಿನಾ ಬೆಳಿಗ್ಗೆ ಒಂದು ಸಿಳ್ಳೆ ಹೊಡೆದ್ರೆ ಬೋಂಡ ವಾಕಿಂಗಿಗೆ ರೆಡಿ. ಇಲ್ಲಿ ಬೆಳಿಗ್ಗೆ ಐದೂಕಾಲು, ಸರಿಯಾಗಿ ಬೆಳಕೂ ಆಗಿಲ್ಲ, ಹೊರಗಡೆ ಯಾರೋ ಸಿಳ್ಳೆ ಹೊಡಿತಾ ಇದಾರೆ, ಯಾವ್ದೋ ಹಾಡು ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ ಶುರು ಮಾಡ್ದಂಗೆ. ಬೋಂಡ ಮಲಗಿರೋ ನನ್ನ ಮುಖ ನೋಡ್ತಾನೆ, ಬಾಗಿಲು ನೋಡ್ತಾನೆ, ಆಮೇಲೆ ತಲೆಲೇ ಸೊಳ್ಳೆ ಪರದೆ ತಳ್ಳಿ ಹೊರಗೆ ಹಾರಿದ. ನಾನು ಲುಂಗಿ ಎತ್ತಿ ಕಟ್ಕೊಂಡು ಟಾರ್ಚ್ ಹಿಡ್ಕೊಂಡು ಹಿಂದೆ ಓಡ್ದೆ. ಹಳ್ಳದ ಆಚೆ ಸಿಳ್ಳೆ ಬಂತು, ನಾನು ಈಚೆಯಿಂದ ಹೊಡೆದೆ, ಪಾಪ ಮೊಣಕಾಲುದ್ದ ನೀರಲ್ಲಿ ನಿಂತ್ಕೊಂಡು ಬೋಂಡ ಆ ಕಡೆ ಒಂದ್ಸಲ ಈ ಕಡೆ ಒಂದ್ಸಲ ಕಿವಿ ತಿರುಗಿಸ್ತಾ ಇದ್ದ, ಯಾವ ಯಜಮಾನನ ಹತ್ರ ಹೋಗ್ಲಿ ಅಂತ. ಅಷ್ಟರಲ್ಲಿ ಗಾಡಿಯಿಂದ ನನ್ನ ಹೆಂಡ್ತಿ ಕೂಗು, "ರೀ, ಊರ ಜನ ಮಲ್ಗಿದಾರೆ, ಹುಡುಗ್ರ ಥರ ಸಿಳ್ಳೆ ಹೊಡಿತೀರಲ್ಲ, ನಾಚಿಕೆ ಆಗಲ್ವಾ!"

ಬೆಳಕು ಬಿಟ್ಟ ಮೇಲೆ ಕಂಡ್ತು, ಆ ಕಡೆಯಿಂದ ಸಿಳ್ಳೆ ಹೊಡಿತಿದ್ದಿದ್ದು ಯಾರು ಅಂತ. ಬಂಡೆ ಮೇಲೆ ಒಂದು ಕಪ್ಪು ಹಕ್ಕಿ, ತಿರುಗಿದಾಗ ಭುಜದ ಹತ್ರ ಫಳ್ ಅಂತ ನೀಲಿ. ಮಲಬಾರ್ ವಿಸ್ಲಿಂಗ್ ಥ್ರಶ್ ಅಂತೆ, ಮಳೆಗಾಲದಲ್ಲಿ ಹಳ್ಳದ ಪಕ್ಕ ಇದರದ್ದೇ ದರ್ಬಾರು.

ಆಗುಂಬೆ ಘಾಟಿಯ 14 ತಿರುವು ಈ ಗಾಡಿಲಿ ಇಳಿಸಲ್ಲ ಅಂತ ಡ್ರೈವರ್ ಹಟ ಹಿಡಿದ್ರು, ಬಾಳೆಬರೆ ಘಾಟಿ ಸುತ್ತಿ ಮರವಂತೆಗೆ ಹೋದ್ವಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಬೋಂಡ ಎರಡನ್ನೂ ಬಿಟ್ಟು ಏಡಿ ಬಿಲಕ್ಕೆ ಮೂತಿ ಹಾಕಿ ಕಚ್ಚಿಸ್ಕೊಂಡ.

ಒಂದು ಮಾತು ಮಾತ್ರ ಸೀರಿಯಸ್ಸಾಗಿ. ಕಾರವಾನ್ ನಿಲ್ಲಿಸಿ ತಂಗೋಕೆ ಅಂತಲೇ ಪಾರ್ಕ್‌ಗಳನ್ನ ಕಟ್ಬೇಕು ಅಂತ ಕೇಂದ್ರ ಸರ್ಕಾರ 2010ರಲ್ಲೇ ನೀತಿ ತಂದಿತ್ತು, ಆದ್ರೆ ನಮ್ಮ ನಾಲ್ಕು ದಿನದ ದಾರಿಲಿ ಆ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋಕೆ ಒಂದು ಸರಿಯಾದ ಜಾಗ ಸಿಗ್ಲಿಲ್ಲ. ಹಳ್ಳಕ್ಕೆ ಬಿಡೋಕೆ ಮನಸ್ಸು ಬರಲ್ಲ, ವಾಸನೆ ಹೊತ್ಕೊಂಡೇ ಮೈಸೂರಿಗೆ ಬಂದ್ವಿ. ಸಂಬಂಧಪಟ್ಟವರು ಘಾಟಿ ಮೇಲೊಂದು ಕೆಳಗೊಂದು ಜಾಗ ಮಾಡಿಕೊಟ್ರೆ ಪುಣ್ಯ ಬರುತ್ತೆ.

ಬೋಂಡ ಈಗ ನಾನು ಸಿಳ್ಳೆ ಹೊಡೆದ್ರೆ ಏಳೋದೇ ಇಲ್ಲ. ತಲೆ ಎತ್ತಿ ಎದುರು ಮನೆ ಹೊಂಗೆ ಮರ ನೋಡ್ತಾನೆ.

ಇಂತಿ,
ನಿಮ್ಮ ಓದುಗ, ಮೈಸೂರು